ವಾರ್ಬರ್ಗ್ ಪರಿಣಾಮ: ಗಡ್ಡೆ ಸಕ್ಕರೆಯನ್ನು ಯಾಕೆ ಎಳೆದುಕೊಳ್ಳುತ್ತದೆ?

ಕಾರವಾರ, ಕುಮಟಾ, ಶಿರಸಿ ಕಡೆಯವರು ಕ್ಯಾನ್ಸರ್ ಚಿಕಿತ್ಸೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಬಂದಾಗ ಒಂದು ಮಾತು ಜೊತೆಗೇ ಬರುತ್ತದೆ: 'ಗಡ್ಡೆಗೆ ಸಕ್ಕರೆಯೇ ಆಹಾರವಂತೆ, ಇನ್ನು ಅನ್ನ, ಬೆಲ್ಲ ಎಲ್ಲ ಬಂದ್.' ಈ ಮಾತಿನ ಹಿಂದೆ ಅರ್ಧ ವಿಜ್ಞಾನವಿದೆ. ಅದರ ಹೆಸರು ವಾರ್ಬರ್ಗ್ ಪರಿಣಾಮ.

ಆಮ್ಲಜನಕ ಇದ್ದಾಗ ನಮ್ಮ ಹೆಚ್ಚಿನ ಜೀವಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸುತ್ತವೆ. ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಕೋಶ ತನ್ನ ಕೆಲಸಕ್ಕೆ ಬಳಸುವ ಶಕ್ತಿ ಇದೇ. ಅರ್ಧಕ್ಕೇ ನಿಲ್ಲಿಸಿ ಲ್ಯಾಕ್ಟೇಟ್ ಎಂಬ ವಸ್ತು ಮಾಡಿದರೆ ಸಿಗುವುದು ಬರೀ 2. ಆಮ್ಲಜನಕ ಬೇಕಾದಷ್ಟಿದ್ದರೂ ಗಡ್ಡೆಯ ಕೋಶಗಳು ಈ ಅರ್ಧ ದಾರಿಯನ್ನೇ ಹಿಡಿಯುತ್ತವೆ ಎಂದು 1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಆಟೊ ವಾರ್ಬರ್ಗ್ ಕಂಡುಕೊಂಡರು.

ಯಾಕೆ ಈ ದುಂದು? ಮನೆ ಕಟ್ಟುವವನು ಮರವನ್ನೆಲ್ಲ ಒಲೆಗೆ ಹಾಕುವುದಿಲ್ಲ. ತೊಲೆಗೆ, ಪಕಾಸಿಗೆ ಬೇಕಲ್ವಾ? ಒಂದು ಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ, ಹೊಸ ಪೊರೆ, ಹೊಸ ಪ್ರೋಟೀನ್ ಬೇಕು. ಗ್ಲೂಕೋಸಿನ ಒಂದು ಪಾಲು ಅದಕ್ಕೆ ಹೋಗುತ್ತದೆ. ಸಾಲದ್ದಕ್ಕೆ ರಕ್ತದಲ್ಲಿರುವ ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನೂ ಹಲವು ಗಡ್ಡೆಗಳು ಎಳೆದುಕೊಳ್ಳುತ್ತವೆ. ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯಾ ಕೆಟ್ಟಿದ್ದೇ ಕ್ಯಾನ್ಸರಿಗೆ ಮೂಲ ಎಂದು ವಾರ್ಬರ್ಗ್ ನಂಬಿದ್ದರು. ಅದು ಸರಿಯಲ್ಲ. ಹೆಚ್ಚಿನ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ ಕೆಲಸ ಮಾಡುತ್ತಲೇ ಇರುತ್ತದೆ.

ಮೈಯೊಳಗಿನ ಗಡ್ಡೆ ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದು ಈ ಹಸಿವನ್ನೇ ನಂಬಿಕೊಂಡು. ಗ್ಲೂಕೋಸಿನಂಥದ್ದೇ ಎಫ್‌ಡಿಜಿ ಎಂಬ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಕೋಶದೊಳಗೆ ಹೋದ ಅದು ಮುಂದೆ ಕರಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಚಿತ್ರದಲ್ಲಿ ಆ ಜಾಗ ಎದ್ದು ಕಾಣುತ್ತದೆ. ಅದರಲ್ಲಿರುವ ವಿಕಿರಣಶೀಲ ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧವಾಗುವುದರಿಂದ ತಂದು ದಾಸ್ತಾನು ಇಡಲು ಆಗುವುದಿಲ್ಲ. ಹಾಗಂತ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಮಿದುಳು ಯಾವಾಗಲೂ ಹೊಳೆಯುತ್ತದೆ, ಕ್ಷಯದ ಗಂಟೂ ಹೊಳೆಯಬಹುದು. ವರದಿ ನೋಡಿ ಮನೆಯಲ್ಲೇ ತೀರ್ಮಾನಕ್ಕೆ ಬರಬೇಡಿ.

ಇನ್ನು ಅನ್ನ ಬಿಡಿಸುವ ವಿಚಾರ. ಊಟ ನಿಲ್ಲಿಸಿದರೂ ರಕ್ತದ ಸಕ್ಕರೆ ಸೊನ್ನೆಯಾಗುವುದಿಲ್ಲ. ಯಕೃತ್ತು ಮೈಯ ಸ್ನಾಯುವಿನ ಪ್ರೋಟೀನನ್ನೂ ಬಳಸಿ ಗ್ಲೂಕೋಸ್ ತಯಾರಿಸುತ್ತದೆ. ಗಡ್ಡೆಗೆ ಉಪವಾಸ ಬೀಳುವುದಿಲ್ಲ, ರೋಗಿಯ ತೂಕ ಮಾತ್ರ ಇಳಿಯುತ್ತದೆ. ತೂಕ ತೀರಾ ಇಳಿದವರಿಗೆ ಕೀಮೊ ತಡೆದುಕೊಳ್ಳುವುದೇ ಕಷ್ಟ. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರ್ ಹೇಳಿದ ಅಳತೆಯಲ್ಲಿ ಉಣ್ಣಲಿ. ಉಳಿದವರಿಗೆ ಕೀಮೊ ಆದ ವಾರ ಗಂಜಿಗೆ ಚೂರು ಜೋನಿ ಬೆಲ್ಲ ಹಾಕಿದರಷ್ಟೇ ಗಂಟಲಲ್ಲಿ ಇಳಿಯುತ್ತದೆ ಅಂದರೆ, ದಯವಿಟ್ಟು ಕೊಡಿ.