ಐತಿಹಾಸಿಕ ಕಾದಂಬರಿಯಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು?

ಪ್ರಶ್ನೆ: ಐತಿಹಾಸಿಕ ಕಾದಂಬರಿ ಓದುವಾಗ ಯಾವುದು ನಿಜವಾಗಿ ನಡೆದದ್ದು, ಯಾವುದು ಲೇಖಕರು ಕಟ್ಟಿದ್ದು ಅಂತ ತಿಳಿಯುವುದು ಹೇಗೆ? ಓದಿದ್ದನ್ನೆಲ್ಲ ಇತಿಹಾಸ ಅಂತ ನಂಬಬಹುದೇ?

ಈ ತಿಂಗಳು ನಾನು ಓದಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಮೂರೂ ಐತಿಹಾಸಿಕ ಕಾದಂಬರಿಗಳೇ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಮತ್ತೊಮ್ಮೆ ಓದಿದೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’, ಹಿಲರಿ ಮ್ಯಾಂಟೆಲ್ ಅವರ ‘ವುಲ್ಫ್ ಹಾಲ್’ ಮುಗಿಸಿದೆ. ಅವನ್ನೇ ಮುಂದಿಟ್ಟುಕೊಂಡು ಉತ್ತರ ಹೇಳುತ್ತೇನೆ.

ನಾನು ಇಟ್ಟುಕೊಂಡ ಗೆರೆ ಇದು: ನಾಲ್ಕು ಜನರ ಕಣ್ಣೆದುರು ನಡೆದದ್ದು ಇತಿಹಾಸದ್ದು, ಬಾಗಿಲು ಮುಚ್ಚಿದ ಮೇಲೆ ಆಡಿದ ಮಾತು ಕಾದಂಬರಿಯದು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, ಅಲ್ಲಿನ ಕೊನೆಯ ಅರಸ ಚಿಕವೀರ ರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಇದನ್ನು ಯಾವ ಕಾದಂಬರಿಕಾರರೂ ಬದಲಿಸುವಂತಿಲ್ಲ. ಆದರೆ ಆ ಅರಸ ರಾತ್ರಿ ರಾಣಿಯ ಜೊತೆ ಏನು ಮಾತಾಡಿದ, ಮಂತ್ರಿಯ ಮೇಲೆ ಅವನಿಗೆ ಯಾವ ಗಳಿಗೆಯಲ್ಲಿ ನಂಬಿಕೆ ಹೋಯಿತು? ಇದನ್ನು ಯಾರೂ ಬರೆದಿಡಲಿಲ್ಲ. ಅಲ್ಲಿ ಕೇಳುವುದು ಮಾಸ್ತಿಯವರ ದನಿ.

ಹಾಗಂತ ಬರೆದಿಟ್ಟದ್ದೆಲ್ಲ ಪರಿಶುದ್ಧ ಅನ್ನುವಂತೆಯೂ ಇಲ್ಲ. ಚಿಕವೀರನ ಕ್ರೌರ್ಯದ ಬಗ್ಗೆ ಬಹಳಷ್ಟು ಬರೆದವರು ಅವನ ರಾಜ್ಯ ಕಿತ್ತುಕೊಂಡವರೇ. ಮಾಸ್ತಿ ಅವನನ್ನು ತೊಳೆದು ಬಿಳುಪು ಮಾಡುವುದಿಲ್ಲ, ರಾಕ್ಷಸನನ್ನಾಗಿಯೂ ಮಾಡುವುದಿಲ್ಲ. ಒಬ್ಬ ಮನುಷ್ಯ ಕೆಡುತ್ತಾ ಹೋಗುವುದನ್ನು, ಸುತ್ತಲಿನವರು ಅದನ್ನು ನೋಡುತ್ತಾ ಕೈ ಹಿಸುಕಿಕೊಳ್ಳುವುದನ್ನು ತೋರಿಸುತ್ತಾರೆ. ಎರಡನೇ ಸಲ ಓದುವಾಗ ನನಗೆ ಆ ಸುತ್ತಲಿನವರೇ ಹೆಚ್ಚು ಕಾಡಿದರು.

‘ವುಲ್ಫ್ ಹಾಲ್’ನ ಹಿಂದಿರುವ ಒಂದು ಸಂಗತಿ ಈ ಪ್ರಶ್ನೆಗೆ ಬಲು ಒಳ್ಳೆಯ ಉತ್ತರ. ಅದರ ನಾಯಕ ಥಾಮಸ್ ಕ್ರಾಮ್‌ವೆಲ್, ಇಂಗ್ಲೆಂಡಿನ ಎಂಟನೇ ಹೆನ್ರಿಯ ಮಂತ್ರಿ. 1540ರಲ್ಲಿ ದೊರೆಯೇ ಅವನ ತಲೆ ತೆಗೆಸಿದ. ಅವನ ಕಾಗದಪತ್ರಗಳು ಸರ್ಕಾರದ ವಶವಾಗಿ ರಾಶಿರಾಶಿ ಉಳಿದುಕೊಂಡಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಅವನಿಗೆ ಬಂದ ಪತ್ರಗಳು. ಅವನು ಬರೆದವು ಬಹುಪಾಲು ಕಳೆದುಹೋಗಿವೆ. ಪಕ್ಕದಲ್ಲಿ ಯಾರೋ ಫೋನಿನಲ್ಲಿ ಮಾತಾಡುವಾಗ ನಮಗೆ ಒಂದೇ ಕಡೆಯ ಮಾತು ಕೇಳಿಸುತ್ತದಲ್ಲ, ಹಾಗೆ. ಮ್ಯಾಂಟೆಲ್ ಬರೆದದ್ದು ಆ ಕೇಳಿಸದ ಕಡೆಯ ಮಾತನ್ನು. ಅವನ ಬಾಲ್ಯದ ಬಗ್ಗೆಯಂತೂ ದಾಖಲೆ ಇಲ್ಲವೆನ್ನುವಷ್ಟು ಕಡಿಮೆ, ಹುಟ್ಟಿದ ದಿನವೂ ಖಚಿತವಿಲ್ಲ. ಕಾದಂಬರಿ ಶುರುವಾಗುವುದು ಅಲ್ಲೇ: ಅಪ್ಪನ ಕೈಲಿ ಏಟು ತಿಂದ ಹುಡುಗನೊಬ್ಬ ಅಂಗಳದ ನೆಲಕ್ಕೆ ಬಿದ್ದಿದ್ದಾನೆ. ದಾಖಲೆ ಬಾಯಿ ಮುಚ್ಚಿದ ಜಾಗವನ್ನೇ ಹುಡುಕಿಕೊಂಡು ಹೋಗುವ ಈ ಜಾಣ್ಮೆ ನನಗೆ ತುಂಬ ಇಷ್ಟವಾಯಿತು.

ಇನ್ನು ಪಾತ್ರಗಳ ವಿಷಯ. ಸಾಮಾನ್ಯವಾಗಿ ದೊರೆ, ದಂಡನಾಯಕರು ನಿಜದವರು. ಹಡಗಿನಲ್ಲಿ ಕೂಲಿ ಮಾಡುವವನು, ಊರ ಹೆಣ್ಣುಮಗಳು ಕಲ್ಪನೆಯವರು. ‘ತೇಜೋ ತುಂಗಭದ್ರಾ’ದಲ್ಲಿ 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ಚರಿತ್ರೆ, ಪೋರ್ಚುಗಲ್ಲಿನಲ್ಲಿ ಯಹೂದಿಗಳು ಪಟ್ಟ ಪಾಡೂ ಚರಿತ್ರೆ. ಗೇಬ್ರಿಯಲ್, ಬೆಲ್ಲಾ, ಹಂಪಮ್ಮ ಲೇಖಕರ ಕಲ್ಪನೆಯ ಮಕ್ಕಳು. ಇವರನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಶಾಸನಗಳಲ್ಲಿ ದತ್ತಿ ಕೊಟ್ಟವರ, ಯುದ್ಧ ಗೆದ್ದವರ ಹೆಸರು ಸಿಕ್ಕುವಷ್ಟು ಸಲೀಸಾಗಿ ಇಂಥವರ ಹೆಸರು ಸಿಕ್ಕುವುದಿಲ್ಲ. ಆದರೂ ಅವರಂಥವರು ಇದ್ದೇ ಇದ್ದರು.

ಲೇಖಕರು ಎಷ್ಟು ಶ್ರಮ ಪಟ್ಟಿದ್ದಾರೆ ಅಂತ ನೋಡಬೇಕಾದರೆ ನಾನು ಸಣ್ಣಪುಟ್ಟ ವಸ್ತುಗಳನ್ನು ಗಮನಿಸುತ್ತೇನೆ. ಹನ್ನೆರಡನೇ ಶತಮಾನದ ಹೊಯ್ಸಳರ ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಅನುಮಾನ ಶುರು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ನಂತರವೇ ಅದು ಇತ್ತ ಬಂದದ್ದು. ಅದಕ್ಕೆ ಮೊದಲು ಖಾರ ಅಂದರೆ ಕಾಳುಮೆಣಸು. ಬಳ್ಳಿಯ ಮೆಣಸಿನ ಹೆಸರೇ ಹೊಸ ಕಾಯಿಗೆ ಅಂಟಿಕೊಂಡಿತು. ಆಲೂಗಡ್ಡೆ, ಟೊಮೇಟೊ ಕಥೆಯೂ ಅದೇ.

ಮೆಣಸಿನಕಾಯಿಯ ತಪ್ಪನ್ನಾದರೂ ಕ್ಷಮಿಸಿಬಿಡಬಹುದು. ಹಳೆಯ ಕಾಲದ ಉಡುಪು ತೊಡಿಸಿ ಇವತ್ತಿನ ಮನಸ್ಸನ್ನು ಒಳಗೆ ತುಂಬುವುದನ್ನು ನನಗೆ ಕ್ಷಮಿಸಲು ಆಗುವುದಿಲ್ಲ. ಐನೂರು ವರ್ಷದ ಹಿಂದಿನ ಹುಡುಗಿ ಪಾಪ, ಪುಣ್ಯ, ಮಾನ, ಕುಲ ಯಾವುದರ ಭಯವೂ ಇಲ್ಲದೆ ನಮ್ಮ ಹಾಗೇ ಯೋಚಿಸಿದರೆ ಆ ಕಾದಂಬರಿ ಅವಳ ಕಾಲಕ್ಕೆ ಹೋಗಲೇ ಇಲ್ಲ ಅಂತಾಯಿತು. ಅವಳೂ ಬಂಡೇಳಬಹುದು, ಆದರೆ ಆ ಭಯವನ್ನು ದಾಟಿಕೊಂಡೇ ಏಳಬೇಕು. ಹಾಗೆಯೇ, ಬದುಕಿದ್ದ ವ್ಯಕ್ತಿಯೊಬ್ಬರ ತಲೆಗೆ ಆಧಾರವಿಲ್ಲದ ಕೊಲೆಯನ್ನೋ ದ್ರೋಹವನ್ನೋ ಕಟ್ಟುವುದು ಕಾದಂಬರಿಯಲ್ಲಾದರೂ ಅನ್ಯಾಯವೇ.

ಓದುವ ಕ್ರಮ ಕೇಳಿದರೆ, ಮೊದಲು ಕಾದಂಬರಿಯನ್ನು ನಂಬಿಯೇ ಓದಿ. ಮುಗಿದ ಮೇಲೆ ಲೇಖಕರ ಅರಿಕೆ, ಮುನ್ನುಡಿ ಇದ್ದರೆ ತಪ್ಪದೆ ನೋಡಿ. ಎಲ್ಲಿ ಬದಲಿಸಿದ್ದೇನೆ ಅಂತ ಅನೇಕರು ಅಲ್ಲೇ ಹೇಳಿರುತ್ತಾರೆ. ಆಮೇಲೆ ಆ ಕಾಲದ ಒಂದಾದರೂ ಮೂಲ ಬರಹ ಹಿಡಿಯಿರಿ. ‘ತೇಜೋ ತುಂಗಭದ್ರಾ’ ಮುಗಿಸಿದ ಮರುದಿನ ನಾನು ತೆಗೆದದ್ದು ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್‌ನ ಬರಹ. ಮಹಾನವಮಿಯ ಆನೆ, ಕುದುರೆ, ಕುಸ್ತಿ, ಕುಣಿತ ಎಲ್ಲವನ್ನೂ ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಆ ಜನಜಂಗುಳಿಯಲ್ಲಿ ಹಂಪಮ್ಮ ಎಲ್ಲಿ ನಿಂತಿರಬಹುದು ಅಂತ ಹುಡುಕುತ್ತಲೇ ಓದಿದೆ.