ಅಮ್ಮ ಬಂದ ಕೂಡಲೇ ಅಳುವ ಮಗು

ಮಕ್ಕಳ ವಾರ್ಡಿನಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ. "ಇಷ್ಟೊತ್ತು ಸುಮ್ನೆ ಇತ್ತು, ನಿಮ್ಮನ್ನು ನೋಡಿದ್ದೇ ಶುರು ಮಾಡಿತು ನೋಡಿ!" ವಾರಗಟ್ಟಲೆ ಮಂಚದ ಪಕ್ಕದ ಕುರ್ಚಿಯಲ್ಲೇ ರಾತ್ರಿ ಕಳೆದು, ಸ್ನಾನಕ್ಕೆಂದು ಒಂದು ಗಂಟೆ ಹೋಗಿ ಬಂದ ತಾಯಿಗೋ ತಂದೆಗೋ ಈ ಮಾತು ಚುಚ್ಚುತ್ತದೆ. ನಾನು ಬಂದದ್ದೇ ತಪ್ಪಾಯಿತಾ ಅನ್ನಿಸುತ್ತದೆ. ತಪ್ಪಲ್ಲ. ಅಷ್ಟು ಹೊತ್ತು ತಡೆದುಕೊಂಡಿದ್ದನ್ನು ಮಗು ಈಗ ಹೊರಗೆ ಹಾಕುತ್ತಿದೆ. ಕೇಳುವವರು ಬಂದರಲ್ಲ, ಅದಕ್ಕೆ.

ಇದು ವೈದ್ಯರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಕಳೆದ ಶತಮಾನದ ಮಧ್ಯದವರೆಗೂ ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮಂದಿರು ಮಗುವನ್ನು ನೋಡಲು ಕಟ್ಟುನಿಟ್ಟಿನ ಮಿತಿ ಇತ್ತು. ಸೋಂಕಿನ ಭಯ ಒಂದು ಕಾರಣ. ಬಂದು ಹೋದ ಮೇಲೆ ಮಕ್ಕಳು ರಂಪ ಮಾಡುತ್ತವೆ ಎಂಬುದು ಇನ್ನೊಂದು. ಯಾರೂ ಬರದಿದ್ದರೆ ಕೆಲವು ದಿನ ಅತ್ತು ಹೊಂದಿಕೊಳ್ಳುತ್ತವೆ, ಅಲ್ವಾ?

1948ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಇಂಥ ಮಕ್ಕಳನ್ನು ಗಮನಿಸತೊಡಗಿದರು. ಅವರು ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡುತ್ತಿದ್ದವರು. ಅವರಿಗೆ ಕಂಡದ್ದು ಮೂರು ಹಂತ. ಮೊದಲು ಮಗು ಅತ್ತು ಕೂಗಿ ಅಮ್ಮನನ್ನು ಹುಡುಕುತ್ತದೆ. ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಎಲ್ಲರೊಡನೆ ನಗುತ್ತದೆ, ಆಡುತ್ತದೆ, ಆದರೆ ಅಮ್ಮ ಬಂದರೆ ಮುಖ ತಿರುಗಿಸುತ್ತದೆ. ಹೊಂದಿಕೊಂಡಿದೆ ಎಂದು ವಾರ್ಡಿನವರು ಹೇಳುತ್ತಿದ್ದದ್ದು ಈ ಕೊನೆಯ ಎರಡು ಹಂತಗಳನ್ನು! ಹೇಳಿದರೆ ವೈದ್ಯರು ನಂಬಲಿಲ್ಲ. ಅದಕ್ಕೆ 1952ರಲ್ಲಿ ಅವರು, ಆಪರೇಷನ್‌ಗೆಂದು 8 ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದೊಳಗಿನ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ ತೋರಿಸಿದರು. ಅವಳು ಜಾಸ್ತಿ ಅಳುವವಳಲ್ಲ. ಆದರೂ ಆ ತಡೆದುಕೊಂಡ ಮುಖ ನೋಡುವುದು ಕಷ್ಟವಾಗಿತ್ತು. ಎಷ್ಟೋ ವೈದ್ಯರು ಚಿತ್ರ ತೆಗೆದವರ ಮೇಲೇ ಸಿಟ್ಟಾದರು. ಕೊನೆಗೆ 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೊಂದು, ಮಕ್ಕಳನ್ನು ನೋಡಲು ಹೊತ್ತಿನ ಕಟ್ಟುಪಾಡು ಬೇಡ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲಿ ಎಂದು ಸಲಹೆ ಕೊಟ್ಟಿತು.

ಹಾಗಂತ ಸುಮ್ಮನಿರುವ ಮಗುವೆಲ್ಲ ಆಸೆ ಬಿಟ್ಟಿದೆ ಎಂದಲ್ಲ. ಜ್ವರ, ಔಷಧಿಯ ಮಂಪರು, ಸುಸ್ತು ಕೂಡ ಮಗುವನ್ನು ಸುಮ್ಮನಾಗಿಸುತ್ತವೆ. ಆದರೆ ಅಳು ನಿಂತರೆ ಸಾಕು ಎಂದು ಹೊರಟರೆ ದಾರಿ ತಪ್ಪುತ್ತದೆ. ಮಗು ನಿದ್ದೆ ಹೋದಾಗ ಕದ್ದು ಎದ್ದು ಹೋಗುವುದು ಇಂಥದ್ದೇ ಉಪಾಯ. ಆ ಹೊತ್ತಿಗೆ ಅಳು ತಪ್ಪುತ್ತದೆ, ನಿಜ. ಆದರೆ ಕಣ್ಣು ಮುಚ್ಚಿದರೆ ಅಮ್ಮ ಮಾಯವಾಗುತ್ತಾಳೆ ಎಂದು ಮಗು ಕಲಿಯುತ್ತದೆ. ಆಮೇಲೆ ನಿದ್ದೆಯೇ ಬೇಡ ಎನ್ನುತ್ತದೆ. ಹೇಳಿಯೇ ಹೋಗಬೇಕು. "ನಾಲ್ಕು ಗಂಟೆಗೆ ಬರ್ತೀನಿ" ಎಂದರೆ ಮೂರು ವರ್ಷದ ಮಗುವಿಗೆ ತಿಳಿಯದು, "ನೀನು ಊಟ ಮಾಡಿ ಎದ್ದ ಮೇಲೆ ಬರ್ತೀನಿ" ಎಂದರೆ ತಿಳಿಯುತ್ತದೆ. ಹೇಳಿದ ಹಾಗೆ ಬರಬೇಕು, ಅಷ್ಟೆ.

ಮಗು ನಮ್ಮ ಮಾತಿಗಿಂತ ಮೊದಲು ಮುಖ ಓದುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಲೆ ಬಿಟ್ಟರು. ಗಾಜಿನಡಿಯಲ್ಲಿ ಮಧ್ಯೆ ಒಂದು ಹಳ್ಳ ಇದ್ದಂತೆ ಕಾಣುತ್ತಿತ್ತು. ಆಚೆ ನಿಂತ ತಾಯಿ ನಕ್ಕಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ತಾಯಿ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ವಾರ್ಡಿನಲ್ಲಿ ಡಾಕ್ಟರ್ ಬಂದಾಗ ಮಗು ಮೊದಲು ಯಾರ ಕಡೆ ತಿರುಗುತ್ತದೆ, ಗಮನಿಸಿ.

ಇನ್ನು ಸೂಜಿ. ಉದ್ದದ ಚಿಕಿತ್ಸೆ ಎಂದರೆ ಡ್ರಿಪ್, ರಕ್ತ ಪರೀಕ್ಷೆ, ಮತ್ತೆ ಡ್ರಿಪ್. ಇಲ್ಲಿ ನಮ್ಮ ಬಾಯಿಗೆ ತಾನಾಗಿ ಬರುವ ಮಾತೇ ಕೆಲಸಕ್ಕೆ ಬರುವುದಿಲ್ಲ. "ಏನೂ ಆಗಲ್ಲ, ಏನೂ ಆಗಲ್ಲ" ಎಂದು ಸಮಾಧಾನ ಹೇಳಿದಷ್ಟೂ ಮಕ್ಕಳ ಗಾಬರಿ ಹೆಚ್ಚಿದ್ದದ್ದು, ಗಮನ ಬೇರೆ ಕಡೆ ಎಳೆದಾಗ ಕಡಿಮೆ ಇದ್ದದ್ದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಏನೋ ಆಗುತ್ತದೆ, ಅದಕ್ಕೇ ಇವರು ಹೀಗೆ ಹೇಳುತ್ತಿದ್ದಾರೆ ಎಂದು ಮಗುವಿಗೂ ಗೊತ್ತಾಗುತ್ತದೇನೋ. "ಸ್ವಲ್ಪ ಚುಚ್ಚುತ್ತೆ, ಬೇಗ ಮುಗಿಯುತ್ತೆ, ನಾನು ಹಿಡ್ಕೊಂಡಿರ್ತೀನಿ" ಎಂದು ಒಂದು ಸಲ ಹೇಳಿ, ಸೋಪಿನ ಗುಳ್ಳೆ ಊದಿಸುವುದು ವಾಸಿ. ಗುಳ್ಳೆ ಊದಬೇಕಾದರೆ ಉಸಿರು ಉದ್ದವಾಗಿ ಬಿಡಲೇಬೇಕು. ನಾಲ್ಕು ಜನ ಅಮುಕಿ ಮಲಗಿಸುವ ಬದಲು ತೊಡೆ ಮೇಲೆ ಅಪ್ಪಿ ಕೂರಿಸಿಕೊಂಡರೆ ಮಗುವಿನ ಭಯ ಕಡಿಮೆ. ಚರ್ಮ ಮರಗಟ್ಟಿಸುವ ಮುಲಾಮು ಇದೆಯಾ ಎಂದು ಮುಂಚೆಯೇ ಕೇಳಿ. ಅದಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಬೇಕು, ಸೂಜಿ ಬಂದ ಮೇಲೆ ಕೇಳಿ ಉಪಯೋಗವಿಲ್ಲ. ಆಗುವುದಿದ್ದರೆ ಚುಚ್ಚುವುದು ಬೇರೆ ಕೋಣೆಯಲ್ಲಿ ಆಗಲಿ. ಮಂಚವಾದರೂ ಹೆದರಿಕೆಯಿಲ್ಲದ ಜಾಗವಾಗಿ ಉಳಿಯಲಿ.

ಮೂರರಿಂದ ಆರು ವರ್ಷದ ಮಕ್ಕಳ ತಲೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿರಬಹುದು: ನಾನು ತಪ್ಪು ಮಾಡಿದೆ, ಅದಕ್ಕೇ ಕಾಯಿಲೆ ಬಂತು. ಕೇಳದಿದ್ದರೂ "ಇದು ನಿನ್ನ ತಪ್ಪಿನಿಂದ ಬಂದದ್ದಲ್ಲ" ಎಂದು ಹೇಳಿಬಿಡಿ. "ಹಠ ಮಾಡಿದರೆ ಡಾಕ್ಟರ್ ಸೂಜಿ ಹಾಕ್ತಾರೆ" ಎಂಬ ಮಾತನ್ನಂತೂ ಯಾರೂ ಆಡಬಾರದು, ನೋಡಲು ಬಂದ ನೆಂಟರೂ ಸೇರಿ.

ಡಿಸ್‌ಚಾರ್ಜ್ ಆದ ಮೇಲೂ ಕೆಲವು ವಾರ ಮಗು ಸೆರಗು ಬಿಡದಿರಬಹುದು. ರಾತ್ರಿ ಬೆಚ್ಚಿ ಏಳಬಹುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು. ಗೊಂಬೆಗೆ ಬ್ಯಾಂಡೇಜ್ ಸುತ್ತಿ, ಪೆನ್ಸಿಲ್‌ನಿಂದ ಇಂಜೆಕ್ಷನ್ ಚುಚ್ಚುವ ಆಟ ಹತ್ತು ಸಲ, ಇಪ್ಪತ್ತು ಸಲ ನಡೆಯುತ್ತದೆ. ತಡೆಯಬೇಡಿ. ವಾರ್ಡಿನಲ್ಲಿ ಎಲ್ಲವೂ ತನ್ನ ಮೇಲೆ ನಡೆದಿತ್ತು, ಈಗ ಸೂಜಿ ತನ್ನ ಕೈಯಲ್ಲಿದೆ. ಪಕ್ಕದಲ್ಲಿ ಕೂತು, ಗೊಂಬೆಯನ್ನು ಹಿಡಿದುಕೊಳ್ಳಬೇಕಾ ಎಂದು ಕೇಳಿ ನೋಡಿ.