ಕೋಚ್ ಆಗಲು ಮೊದಲು ತಾರೆಯಾಗಿರಬೇಕೇ?

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮುಖ್ಯ ಕೋಚ್ ಆಗಬೇಕಾದರೆ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಆಡಿ ಹೆಸರು ಮಾಡಿರಬೇಕಲ್ಲವೇ?

ಉತ್ತರ: ಬೇಕಿಲ್ಲ. ಕಾಲೇಜುಗಳ ರಾಷ್ಟ್ರೀಯ ಟೂರ್ನಿ ನಡೆಯುವ ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಮುಂದಿನ ಮಾರ್ಚ್‌ನಲ್ಲಾದರೂ ನನಗೆ ಬಿಡುವು ಸಿಗಲಿ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ, ಎನ್‌ಬಿಎ ತಾರೆಯರಿಂದ ತುಂಬಿದ್ದ ಅಮೆರಿಕದ ‘ಡ್ರೀಮ್ ಟೀಮ್’ ನೆನಪಿದೆಯಲ್ಲ? ಅದರಲ್ಲಿದ್ದ ಮೂವರು ಮುಂದೆ ತಾವು ಓದಿದ ಕಾಲೇಜಿಗೇ ಕೋಚ್ ಆಗಿ ಮರಳಿದರು. ಹ್ಯೂಸ್ಟನ್‌ಗೆ ಬಂದ ಕ್ಲೈಡ್ ಡ್ರೆಕ್ಸ್ಲರ್ ಎರಡು ಋತುಗಳಲ್ಲಿ ಗೆದ್ದದ್ದು 19, ಸೋತದ್ದು 39. ಸೇಂಟ್ ಜಾನ್ಸ್‌ನಲ್ಲಿ ಕ್ರಿಸ್ ಮಲಿನ್ ನಾಲ್ಕು ಋತು ನಿಂತರು. ಅಲ್ಲಿಯೂ ಗೆಲುವಿಗಿಂತ ಸೋಲೇ ಹೆಚ್ಚು. ಜಾರ್ಜ್‌ಟೌನ್‌ಗೆ 1984ರಲ್ಲಿ ಆಟಗಾರನಾಗಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದ ಪ್ಯಾಟ್ರಿಕ್ ಯೂಯಿಂಗ್ ಅಲ್ಲಿಯೇ ಕೋಚ್ ಆಗಿ 75 ಗೆದ್ದು 109 ಸೋತರು. 2023ರಲ್ಲಿ ಅವರನ್ನು ವಜಾ ಮಾಡಲಾಯಿತು.

ಅದೇ ಡ್ರೀಮ್ ಟೀಮ್‌ಗೆ ಸಹಾಯಕ ಕೋಚ್ ಆಗಿದ್ದವರಲ್ಲಿ ಒಬ್ಬರು ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡದಲ್ಲಿ ಆಡಿ, ಸೇನೆಯಲ್ಲಿ ದುಡಿದು ಬಂದ ಮೈಕ್ ಶಶೆಫ್‌ಸ್ಕಿ ಅವರು. 2022ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ಹುದ್ದೆಯಿಂದ ನಿವೃತ್ತರಾಗುವಾಗ ಅವರ ಲೆಕ್ಕದಲ್ಲಿ 1,202 ಗೆಲುವು, ಐದು ರಾಷ್ಟ್ರೀಯ ಪ್ರಶಸ್ತಿ. ಬ್ರ್ಯಾಡ್ ಸ್ಟೀವನ್ಸ್ ಆಡಿದ್ದು ಆಟಕ್ಕೆಂದು ವಿದ್ಯಾರ್ಥಿವೇತನವನ್ನೂ ಕೊಡದ ಮೂರನೇ ವಿಭಾಗದ (ಡಿವಿಷನ್ 3) ಕಾಲೇಜು ತಂಡದಲ್ಲಿ. ಔಷಧ ಕಂಪನಿಯ ನೌಕರಿ ಬಿಟ್ಟು ಬಟ್ಲರ್ ತಂಡ ಸೇರಿದ ಅವರು, ಆ ಸಣ್ಣ ವಿಶ್ವವಿದ್ಯಾಲಯವನ್ನು 2010 ಮತ್ತು 2011ರಲ್ಲಿ ಸತತವಾಗಿ ಫೈನಲ್‌ಗೆ ಒಯ್ದರು.

ಈಗ ಯಾರಾದರೂ ಜಾನ್ ವುಡನ್ ಹೆಸರು ಎತ್ತುತ್ತಾರೆಂದು ಗೊತ್ತು. ಹೌದು, ವುಡನ್ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಆಡುವಾಗ ತಾರೆಯೇ. ಆದರೆ 1948ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವಾದ ಯುಸಿಎಲ್‌ಎಗೆ ಕೋಚ್ ಆಗಿ ಬಂದವರಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ದಕ್ಕಿದ್ದು 1964ರಲ್ಲಿ. ಆಮೇಲೆ 1975ರೊಳಗೆ ಇನ್ನೂ ಒಂಬತ್ತು. ಯುಸಿಎಲ್‌ಎಗೆ ಬರುವ ಮುಂಚೆ ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಆ ಮೇಷ್ಟರ ಚಾಳಿ ಕೊನೆಯವರೆಗೂ ಬಿಡಲಿಲ್ಲ. ಋತುವಿನ ಆರಂಭದಲ್ಲಿ ಅವರು ಕಲಿಸುತ್ತಿದ್ದುದು ಕಾಲುಚೀಲ ಹಾಕಿಕೊಳ್ಳುವುದನ್ನು: ಹಿಮ್ಮಡಿಯಲ್ಲಿ, ಕಿರುಬೆರಳ ಬಳಿ ಒಂದು ಸುಕ್ಕೂ ಉಳಿಯಬಾರದು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. ಚೆಂಡು ಹಾಕುವ ಕೈಚಳಕ ಹುಟ್ಟಿನಿಂದಲೇ ಬಂದವನಿಗೆ, ಅದು ಬಾರದವನು ಎಲ್ಲಿ ಎಡವುತ್ತಾನೆಂಬುದು ಎಷ್ಟೋ ಸಲ ಕಾಣುವುದೇ ಇಲ್ಲ.

ಕೋಚ್ ಆಗುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಪದವಿ ಮುಗಿಸಿ ಸಹಾಯಕರ ಸಹಾಯಕನಾಗಿ ಸೇರುವುದು, ಎದುರಾಳಿಗಳ ವಿಡಿಯೊ ತುಂಡರಿಸುವುದು, ಆಟಗಾರರನ್ನು ಹುಡುಕಿಕೊಂಡು ಹೈಸ್ಕೂಲುಗಳಿಗೆ ಅಲೆಯುವುದು, ಆಮೇಲೆ ಯಾವುದಾದರೂ ಸಣ್ಣ ಕಾಲೇಜು. ಮುಂದೆ ಹೆಸರಾಂತ ಕೋಚ್ ಆದ ಪ್ಯಾಟ್ ಸಮಿಟ್ 1974ರಲ್ಲಿ, 22ನೇ ವಯಸ್ಸಿಗೆ, ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೊಣೆ ಹೊತ್ತಾಗ ತಿಂಗಳಿಗೆ 250 ಡಾಲರ್ ಸಂಬಳ. ಆಟಗಾರ್ತಿಯರ ಸಮವಸ್ತ್ರ ಒಗೆಯುವುದೂ ವ್ಯಾನ್ ಓಡಿಸುವುದೂ ಅವರೇ.

ಇಷ್ಟು ಕಷ್ಟಪಟ್ಟು ಏರಿದವರು ಈಚೆಗೆ ಏಕೆ ತಾವಾಗಿಯೇ ಇಳಿಯುತ್ತಿದ್ದಾರೆ? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕೆಂಬ ಹಳೆಯ ಕಟ್ಟಳೆಯೂ ಹೋಗಿದೆ. ಆಟಗಾರರ ಪಾಲಿಗೆ ಇದು ನ್ಯಾಯವೇ. ಆದರೆ ನಾಲ್ಕು ವರ್ಷ ತಿದ್ದಿ ತೀಡುತ್ತಿದ್ದ ಮೇಷ್ಟರಿಗೆ ಈಗ ಪ್ರತಿ ವಸಂತದಲ್ಲೂ ಹೊಸ ತಂಡ ಕಟ್ಟುವ ಪಾಡು. 2019ರಲ್ಲಿ ವರ್ಜೀನಿಯಾಕ್ಕೆ ಪ್ರಶಸ್ತಿ ಗೆದ್ದುಕೊಟ್ಟ ಟೋನಿ ಬೆನೆಟ್, 2024ರ ಅಕ್ಟೋಬರ್‌ನಲ್ಲಿ, ಋತು ಶುರುವಾಗಲು ಕೆಲವೇ ವಾರ ಇರುವಾಗ, ಈ ಹೊಸ ವಾತಾವರಣಕ್ಕೆ ತಾನು ತಕ್ಕವನಲ್ಲ ಎಂದು ಹೇಳಿ ಹೊರಟರು. ಆಗ ಅವರಿಗೆ 55 ವರ್ಷ.